ಪಸ್ಕದ ಮರಿ, ಅವ್ವನ ಬಾಗಿಲು

ನಮ್ಮ ಕ್ರೈಸ್ತ ಸಭೆಯಲ್ಲಿ ಬೋಧನೆ ನಡೆಯುತ್ತಿದ್ದದ್ದು ಮರಾಠಿಯಲ್ಲಿ. ಕೇಳಲು ಕೂತವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಅಕ್ಕಲಕೋಟೆ ಕಡೆಯ ಹಳ್ಳಿಗಳಿಂದ ಸೊಲ್ಲಾಪುರದ ಗಿರಣಿಗಳಿಗೆ ಬಂದ ಕನ್ನಡದವರು. ಗಂಡಸರಿಗೆ ಗಿರಣಿಯಲ್ಲಿ ಮರಾಠಿ ರೂಢಿಯಾಗಿತ್ತು. ಹೆಂಗಸರಿಗೆ ಬಜಾರಿನಲ್ಲಿ ಕಾಯಿಪಲ್ಯ ಕೊಳ್ಳುವಷ್ಟು ಬರುತ್ತಿತ್ತು, ದೇವರ ಮಾತು ತಿಳಿಯುವಷ್ಟು ಬರುತ್ತಿರಲಿಲ್ಲ. ಹಾಗಾಗಿ ಬೋಧಕರ ಪಕ್ಕದಲ್ಲಿ ಒಬ್ಬರು ನಿಂತು ಒಂದೊಂದೇ ವಾಕ್ಯವನ್ನು ಕನ್ನಡಕ್ಕೆ ತಿರುಗಿಸಿ ಹೇಳಬೇಕಿತ್ತು. ಬಹಳ ವರ್ಷ ಆ ಕೆಲಸ ಮಾಡಿದವನು ನನ್ನ ಅಪ್ಪ. ಅವನು ತೀರಿಕೊಂಡಾಗ ನನಗೆ ಹದಿನೇಳು. ಬೇರೆ ಯಾರೂ ಸಿಗದೆ ಹಿರಿಯರು ನನ್ನನ್ನೇ ನಿಲ್ಲಿಸಿದರು. ಹುಡುಗಿಯೊಬ್ಬಳು ಬೋಧಕರ ಸಮಕ್ಕೆ ನಿಲ್ಲುವುದೇ ಎಂದು ಮೊದಲು ಗೊಣಗಾಟವಾಯಿತು. ಆಮೇಲೆ ಅಭ್ಯಾಸವಾಯಿತು.

ಅಪ್ಪ ಹಾಸಿಗೆ ಹಿಡಿದಾಗಲೇ ಆ ಕೆಲಸದ ನಿಯಮವನ್ನು ನನಗೆ ಹೇಳಿಟ್ಟಿದ್ದ. "ಅವರ ಮಾತಿಗೆ ನಿಂದೇನೂ ಸೇರಸಬ್ಯಾಡ, ಅವರ ಮಾತಿನಾಗ ಒಂದೂ ಬಿಡಬ್ಯಾಡ." ಅದನ್ನು ಎರಡು ವರ್ಷ ಪಾಲಿಸಿದೆ. ಮುರಿದದ್ದು ಒಂದೇ ಸಲ. ಮುರಿದದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ, ಇದನ್ನು ಬರೆಯುತ್ತಿರುವುದು ತಪ್ಪೊಪ್ಪಿಗೆಗೆ ಅಂತೂ ಅಲ್ಲ.

ಐವತ್ತರ ದಶಕದ ನಡುವಿನ ಮಾತು. ನಾನು ಟ್ರೇನಿಂಗ್ ಕಾಲೇಜಿನ ಕೊನೆಯ ವರ್ಷದಲ್ಲಿದ್ದೆ. ಪುಣೆ ಕಡೆಯಿಂದ ನಮ್ಮ ಸಭೆಗೆ ಹೊಸ ಉಪದೇಶಿಯೊಬ್ಬರು ಬಂದರು. ನಾವೆಲ್ಲ ಅವರನ್ನು ಗುರೂಜಿ ಎನ್ನುತ್ತಿದ್ದೆವು. ನಲವತ್ತು ದಾಟಿದ ವಯಸ್ಸು, ತೆಳ್ಳಗಿನ ಮೈ, ತಮ್ಮ ಬಟ್ಟೆ ತಾವೇ ಒಗೆದುಕೊಳ್ಳುವ ಮನುಷ್ಯ. ನಾವಿದ್ದ ಗಿರಣಿ ಕೆಲಸಗಾರರ ಚಾಳಿನಲ್ಲಿ ಒಬ್ಬ ಮುದುಕನಿಗೆ ಸಿಡುಬು ಎದ್ದು ಮನೆಯವರೇ ಹತ್ತಿರ ಹೋಗದಿದ್ದಾಗ ಇವರು ಪಕ್ಕದಲ್ಲಿ ಕೂತು ನೀರು ಕುಡಿಸಿದ್ದನ್ನು ನಾನು ಕಂಡಿದ್ದೇನೆ. ಅವರ ಮೇಲೆ ಸಿಟ್ಟು ಮಾಡಿದವಳು ನಾನೇ ಆದರೂ ಅವರು ಕೆಟ್ಟವರೆಂದು ಯಾರಾದರೂ ಅಂದರೆ ಒಪ್ಪುವುದಿಲ್ಲ.

ಅವರ ತಲೆಯಲ್ಲಿ ಒಂದೇ ವಿಚಾರ ಗಟ್ಟಿಯಾಗಿ ಕೂತಿತ್ತು. ದೇವರು ಮೋಶೆಯ ಕೈಯಲ್ಲಿ ಕೊಟ್ಟ ಧರ್ಮಶಾಸ್ತ್ರವನ್ನು ಕ್ರೈಸ್ತರು ಕೈಬಿಟ್ಟದ್ದೇ ತಪ್ಪು. ಯೇಸುಸ್ವಾಮಿ ಯೆಹೂದ್ಯರ ಹಬ್ಬಗಳನ್ನು ಆಚರಿಸಿದ, ಏಳನೆಯ ದಿನ ವಿಶ್ರಮಿಸಿದ. ಅವನ ಹಿಂಬಾಲಕರು ಅವನಿಗಿಂತ ದೊಡ್ಡವರೇ? ಹೊಸ ಒಡಂಬಡಿಕೆ ಎಂದರೆ ಹಳೆಯದನ್ನು ಹರಿದು ಒಗೆಯುವುದಲ್ಲ, ಅದನ್ನೇ ಮನಸ್ಸಿಟ್ಟು ಪಾಲಿಸುವುದು. ಹೀಗೆ ವಾರವಾರವೂ ಹೇಳುತ್ತಿದ್ದರು, ನಾನು ವಾರವಾರವೂ ಅದನ್ನು ಕನ್ನಡಕ್ಕೆ ತರುತ್ತಿದ್ದೆ. ನಿಜ ಹೇಳಬೇಕೆಂದರೆ ನನಗೆ ಅದು ಹಿಡಿಸಿತ್ತು. ಪರ್ಣಶಾಲೆಗಳ ಹಬ್ಬವನ್ನು ಅವರು ಬಣ್ಣಿಸಿದರೆ, ಸುಗ್ಗಿ ಮುಗಿಸಿ ಸೊಪ್ಪಿನ ಗುಡಿಸಲಲ್ಲಿ ಏಳು ದಿನ ಕೂತು ಉಣ್ಣುವ ಆ ಜನ ನಮ್ಮ ಜೋಳದ ಹೊಲದ ಗುಡಿಸಲಲ್ಲೇ ಕಾಣಿಸುತ್ತಿದ್ದರು. ಕ್ರಿಸ್ಮಸ್ ಒಂದನ್ನು ಬಿಟ್ಟರೆ ಹಬ್ಬವೆಂಬುದೇ ಇಲ್ಲದೆ ಬೆಳೆದವಳು ನಾನು. ಓಣಿಯೆಲ್ಲ ಹೋಳಿಗೆ ವಾಸನೆ ತುಂಬಿದ ದಿನ ನಮ್ಮ ಒಲೆಯ ಮೇಲೆ ಸಾದಾ ಬೇಳೆ ಕುದಿಯುತ್ತಿತ್ತು. ನಮ್ಮದೂ ಅಂತ ಒಂದಿಷ್ಟು ಹಬ್ಬಗಳಿದ್ದವು, ಅವನ್ನು ಯಾರೋ ಮುಚ್ಚಿಟ್ಟಿದ್ದರು ಎಂದು ಕೇಳಿದಾಗ ಆಸೆಯಾಗದೆ ಇರುತ್ತದೆಯೇ?

ಶನಿವಾರದ ವಿಶ್ರಾಂತಿ ಮಾತ್ರ ನಡೆಯಲಿಲ್ಲ. ಗಿರಣಿಯ ಭೋಂಗಾ ಶನಿವಾರವೂ ಕೂಗುತ್ತಿತ್ತು. ಅದು ಕೂಗಿದ ಮೇಲೆ ಮೋಶೆಯ ಮಾತಿಗೆ ನಿಂತವನು ಗೇಟಿನ ಹೊರಗೇ ನಿಲ್ಲಬೇಕಿತ್ತು. ಗಂಡಸರು ತಲೆ ತಗ್ಗಿಸಿ ಕೆಲಸಕ್ಕೆ ಹೋದರು. ಇದನ್ನು ಕಂಡು ಗುರೂಜಿ ಬೇರೆ ದಾರಿ ಹಿಡಿದರು. ಪಟ್ಟಣದಲ್ಲಿ ಆಗದ್ದು ಹಳ್ಳಿಯಲ್ಲಿ ಆಗುತ್ತದೆ, ಈ ಸಲ ಪಸ್ಕ ಹಬ್ಬವನ್ನು ಧರ್ಮಶಾಸ್ತ್ರದಲ್ಲಿ ಬರೆದ ಹಾಗೆಯೇ ಹಳ್ಳಿಯಲ್ಲಿ ಮಾಡೋಣ ಎಂದರು. ಯೆಹೂದ್ಯರ ಪೂರ್ವಜರು ಐಗುಪ್ತದ, ಅಂದರೆ ಈಜಿಪ್ಟಿನ, ದಾಸ್ಯದಿಂದ ಬಿಡುಗಡೆಯಾದ ದಿನದ ನೆನಪಿನ ಹಬ್ಬ ಅದು. ಚೈತ್ರದ ಹುಣ್ಣಿಮೆಯ ಆಸುಪಾಸಿನಲ್ಲಿ ಬರುತ್ತದೆ. ಹಳ್ಳಿ ಎಂದರೆ ತಡವಳದ ಆಚೆಗಿನ ನಮ್ಮ ಊರು. ಅಲ್ಲಿ ಕ್ರೈಸ್ತರ ಮನೆಗಳು ಮೂರು, ಅದರಲ್ಲಿ ಒಂದು ನಮ್ಮದು. ಅಪ್ಪ ಗಿರಣಿ ಸೇರಿದಾಗಿನಿಂದ ಅದಕ್ಕೆ ಬೀಗ ಹಾಕಿ, ರಜೆಯಲ್ಲಿ ಹೋದಾಗ ತೆಗೆಯುತ್ತಿದ್ದೆವು. ಅವ್ವ ಗುರೂಜಿಯ ಮಾತಿಗೆ ಹೂಂ ಅಂದಳು. ಊರಿಗೆ ಹೋಗುವುದೆಂದರೆ ಅವಳಿಗೆ ಖುಷಿ. ಏನೇನು ನಡೆಯಲಿದೆ ಎಂದು ಅವಳಿಗೂ ತಿಳಿದಿರಲಿಲ್ಲ, ನನಗೂ ಪೂರ್ತಿ ತಿಳಿದಿರಲಿಲ್ಲ.

ಗುರೂಜಿ, ಅವ್ವ, ನಾನು ಮೂವರೂ ಎಸ್ಟಿ ಬಸ್ಸಿನಲ್ಲಿ ಕುಂಭಾರಿ ದಾಟಿ ಅಕ್ಕಲಕೋಟೆಗೆ ಹೋದೆವು. ಅಲ್ಲಿಂದ ಮುಂದೆ ಎತ್ತಿನ ಗಾಡಿ. ದಾರಿಯುದ್ದಕ್ಕೂ ಗುರೂಜಿ ಹಬ್ಬದ ಕಟ್ಟಳೆಗಳನ್ನು ಹೇಳುತ್ತಲೇ ಬಂದರು, ನಾನು ಅವ್ವನಿಗೆ ಹೇಳುತ್ತ ಬಂದೆ. ಮೊದಲನೆಯದು ಹುಳಿಯಿಲ್ಲದ ರೊಟ್ಟಿ. ಅವ್ವನಿಗೆ ಅರ್ಥವಾಗಲಿಲ್ಲ. ಹಿಟ್ಟಿಗೆ ಹುಳಿ ಹಾಕಿ ಉಬ್ಬಿಸುವವರೂ ಇದ್ದಾರೆಂದು ವಿವರಿಸಿದೆ. ಊರಿಗೆ ಹೋಗಿ ಉಳಿದೆರಡು ಮನೆಯ ಹೆಂಗಸರಿಗೆ ಅವ್ವ ಅದನ್ನು ಹೇಳಿದಾಗ ಅವರು ನಕ್ಕುಬಿಟ್ಟರು. ಜೋಳದ ರೊಟ್ಟಿಗೆ ಹುಳಿ ಹಾಕಿದವರನ್ನು ಯಾರು ಕಂಡಿದ್ದಾರೆ, ಹಾಗಾದರೆ ನಾವು ದಿನಾಲೂ ಹಬ್ಬ ಮಾಡುವವರೇ ಎಂದರು. ಗುರೂಜಿ ನಗಲಿಲ್ಲ. ಎರಡನೆಯದು ಕಹಿ ಸೊಪ್ಪು. ಬೇವಿನ ಚಿಗುರು ಆದೀತೇ ಎಂದು ಅವ್ವ ಕೇಳಿದಳು. ಆದೀತು ಎಂದರು. ಅಷ್ಟಕ್ಕೆ ನಕ್ಕವರಲ್ಲಿ ಒಬ್ಬ ಹೆಂಗಸಿನ ಮುಖದ ನಗು ಹೋಯಿತು. ಹದಿನೈದು ದಿನದ ಹಿಂದಷ್ಟೇ ಯುಗಾದಿ ಮುಗಿದಿತ್ತು. ಕ್ರೈಸ್ತಳಾದ ಮೇಲೆ ಬೇವುಬೆಲ್ಲ ತಿನ್ನಬಾರದೆಂದು ಸಭೆಯ ಹಿರಿಯರೇ ಅವಳಿಗೆ ಹೇಳಿದ್ದರು, ಅವಳು ಇಪ್ಪತ್ತು ಯುಗಾದಿ ಬಾಯಿ ಕಟ್ಟಿದ್ದಳು. ಈಗ ಅದೇ ಮರದ ಅದೇ ಎಲೆಯನ್ನು ತಿನ್ನಿರಿ ಎನ್ನುತ್ತಿದ್ದರು. ಅವಳು ತಲೆಯೆತ್ತಿ ಅಂಗಳದ ಬೇವಿನ ಗಿಡ ನೋಡಿದಳು.

ಮೂರನೆಯದು ಮರಿ. ಒಂದು ವರ್ಷದ ಗಂಡು ಕುರಿಮರಿ, ಮೈಯಲ್ಲಿ ಯಾವ ಕುಂದೂ ಇರಬಾರದು. ಅದಕ್ಕಾಗಿ ಅವ್ವ ತನ್ನ ಅಣ್ಣನಿಗೆ ಹೇಳಿ ಕಳಿಸಿದಳು. ನನ್ನ ಸೋದರಮಾವ ಪಕ್ಕದ ಊರಿನವನು, ಕುರಿ ಸಾಕುವ ಮನೆಯವನು, ಕುರಿಗಾರರ ದೇವರು ಬೀರೋಬಾನ ಭಕ್ತ. ಅವ್ವ ಕ್ರೈಸ್ತಳಾದಾಗ ಊರವರಲ್ಲಿ ಕೆಲವರು ಮಾತು ಬಿಟ್ಟರೂ ಅವನು ಬಿಟ್ಟಿರಲಿಲ್ಲ. ಮಾರನೆಯ ದಿನ ಮಧ್ಯಾಹ್ನ ಅವನು ಬಂದ. ಹಣೆಗೆ ಭಂಡಾರದ ಅರಿಶಿನ, ಹೆಗಲಿಗೆ ಕಂಬಳಿ, ಕೈಯಲ್ಲಿ ಹಗ್ಗ, ಹಗ್ಗದ ತುದಿಗೆ ಕರಿಯ ಮರಿ. ಗುರೂಜಿ ಅದರ ಗೊರಸು, ಕಿವಿ, ಕಣ್ಣು, ಹಲ್ಲು ಎಲ್ಲವನ್ನೂ ಪರೀಕ್ಷಿಸಿದರು. ಮಾಮಾ ಅದನ್ನು ಮೆಚ್ಚಿಕೊಂಡೇ ನೋಡಿದ, ಕುರಿ ನೋಡಲು ಬಲ್ಲವರು ಅಂದ. ಆಮೇಲೆ ಇದನ್ನು ಏತಕ್ಕೆ ಕೊಯ್ಯುತ್ತೀರಿ ಎಂದು ನನ್ನನ್ನು ಕೇಳಿದ. ದೇವರ ಹಬ್ಬಕ್ಕೆ ಎಂದೆ. ರಕ್ತವನ್ನು ಏನು ಮಾಡುತ್ತೀರಿ ಎಂದ. ಗುರೂಜಿಯನ್ನು ಕೇಳಿದೆ. ಅವರು ಹೇಳಿದರು. ನಾನು ಅದನ್ನು ಮಾಮಾನಿಗೆ ತಿರುಗಿಸುವಾಗ ಅವ್ವ ಒಳಗಿನಿಂದ ಬಂದು ಹೊಸ್ತಿಲಲ್ಲಿ ನಿಂತಳು. ಸೊಪ್ಪಿನ ಕಟ್ಟನ್ನು ರಕ್ತದಲ್ಲಿ ಅದ್ದಿ ಬಾಗಿಲ ಎರಡೂ ಬದಿಗೆ, ಮೇಲಿನ ಪಟ್ಟಿಗೆ ಹಚ್ಚುವುದು. ಐಗುಪ್ತದ ಮನೆಮನೆಯ ಚೊಚ್ಚಲ ಮಕ್ಕಳನ್ನು ಕೊಂದ ಸಂಹಾರದೂತ, ಹಾಗೆ ಹಚ್ಚಿದ ಮನೆಯನ್ನು ಮುಟ್ಟದೆ ದಾಟಿ ಹೋಗುತ್ತಾನೆ.

ಮಾಮಾ ಹಗ್ಗವನ್ನು ಕೈಗೆ ಸುತ್ತಿಕೊಂಡ. ಆಮೇಲೆ ತಂಗಿಯ ಕಡೆ ತಿರುಗಿದ.

"ನಾವು ಹಚ್ಚಿದ್ರ ಅದು ಕುರುಡು ನಂಬಿಕಿ ಅಂತ ಬಿಟ್ಟ ಹೋದಿ. ಈಗ ನಿಮ್ಮವರೂ ಅದನ್ನ ಮಾಡಾಕತ್ತಾರ. ಮತ್ತ ನಮ್ಮನ್ಯಾಕ ಬಿಟ್ಟಿ ತಂಗಿ?"

ಅವನು ಅಣಕಿಸಲಿಲ್ಲ. ಇಪ್ಪತ್ತು ವರ್ಷ ಒಳಗೇ ಇಟ್ಟುಕೊಂಡ ಪ್ರಶ್ನೆ ಅದು ಅಂತ ಅವನ ದನಿಯಲ್ಲೇ ಗೊತ್ತಾಗುತ್ತಿತ್ತು. ಅವ್ವ ಹೊಸ್ತಿಲಿಂದ ಒಳಕ್ಕೆ ಸರಿದಳು.

ಆ ಬಾಗಿಲ ಕಥೆ ನನಗೆ ಗೊತ್ತಿತ್ತು. ನನಗಿಂತ ಮೊದಲು ಆ ಮನೆಯಲ್ಲಿ ಎರಡು ಗಂಡುಕೂಸು ಹುಟ್ಟಿದ್ದವು. ಮೊದಲನೆಯದಕ್ಕೆ ಜ್ವರ ಬಂದಾಗ ಮನೆತನದ ವಾಡಿಕೆಯಂತೆ ಟಗರು ಕೊಟ್ಟು ಅವ್ವನೇ ತನ್ನ ಕೈಯಿಂದ ಬಾಗಿಲಿಗೆ ರಕ್ತ ಹಚ್ಚಿದಳು. ಕೂಸು ಉಳಿಯಲಿಲ್ಲ. ಎರಡನೆಯದಕ್ಕೆ ಜ್ವರ ಬಂದಾಗ ಮೊದಲಿನದರಲ್ಲಿ ಏನೋ ಕಡಿಮೆಯಾಗಿತ್ತು ಎಂದರು. ಮತ್ತೆ ಕೊಟ್ಟರು, ಮತ್ತೆ ಹಚ್ಚಿದಳು. ಆ ಕೂಸು ಹೋದಾಗ ಬಾಗಿಲ ಮೇಲಿನದು ಇನ್ನೂ ಒಣಗಿರಲಿಲ್ಲವಂತೆ. ಮುಂದೆ ಕೆಲ ತಿಂಗಳಿಗೆ ಹಳ್ಳಿಹಳ್ಳಿ ತಿರುಗಿ ಸುವಾರ್ತೆ ಹೇಳುವ ವಿಧವೆಯೊಬ್ಬಳು ಬಾವಿಯ ಹತ್ತಿರ ಸಿಕ್ಕಳು. ಅವಳು ಹೇಳಿದ್ದರಲ್ಲಿ ಅವ್ವ ಹಿಡಿದುಕೊಂಡದ್ದು ಒಂದೇ ಮಾತು. ಒಬ್ಬ ತನ್ನ ರಕ್ತವನ್ನು ಎಲ್ಲರಿಗಾಗಿ ಒಂದೇ ಸಲಕ್ಕೆ ಕೊಟ್ಟಿದ್ದಾನೆ, ಇನ್ನು ಯಾರೂ ಯಾವ ಬಾಗಿಲಿಗೂ ತರಬೇಕಾಗಿಲ್ಲ. ಅವ್ವ ದೀಕ್ಷಾಸ್ನಾನ ತೆಗೆದುಕೊಂಡದ್ದು ಆ ಮಾತಿಗೆ. ಸ್ವರ್ಗ, ನರಕ, ತ್ರಯೇಕತ್ವ ಎಲ್ಲ ಅವಳಿಗೆ ಆಮೇಲೆ ಬಂದವು, ಅರ್ಧಂಬರ್ಧ ಬಂದವು.

ಇಳಿಹೊತ್ತಿಗೆ ಮೂರೂ ಮನೆಯವರು ನಮ್ಮ ಅಂಗಳದಲ್ಲಿ ಕೂಡಿದರು. ಮಾಮಾ ಹೋಗದೆ ಕಟ್ಟೆಯ ಮೇಲೆ ಕೂತಿದ್ದ. ಮರಿಯನ್ನು ಬೇವಿನ ಗಿಡಕ್ಕೆ ಕಟ್ಟಿದ್ದರು. ಗುರೂಜಿ ಪುಸ್ತಕ ತೆರೆದು ಐಗುಪ್ತದ ಕಥೆಯನ್ನು ಓದಿದರು, ಚೆನ್ನಾಗಿಯೇ ಹೇಳಿದರು, ನಾನೂ ಚೆನ್ನಾಗಿಯೇ ತಿರುಗಿಸಿದೆ. ಈ ಕಟ್ಟಳೆ ಶಾಶ್ವತವೆಂದು ಬರೆದಿದೆ, ಶಾಶ್ವತ ಎಂದ ಮೇಲೆ ನಮಗೂ ಸೇರಿತು ಎಂದರು. ಅದನ್ನೂ ತಿರುಗಿಸಿದೆ. ಕೊನೆಗೆ ಮೊದಲು ಈ ಮನೆಯ ಬಾಗಿಲು, ಆಮೇಲೆ ಉಳಿದೆರಡು ಎಂದು ಕೈ ತೋರಿಸಿದರು. ಅವ್ವ ಎದ್ದು ಹೋಗಿ ಬಾಗಿಲ ಮುಂದೆ ನಿಂತಳು.

"ನನ್ನ ಬಾಗಲಕ್ಕ ಬ್ಯಾಡ್ರಿ ಗುರೂಜಿ," ಎಂದಳು. ಆಮೇಲೆ ನನಗೆ ಹೇಳಿದಳು. "ಕೇಳವಾ ಅವರ್ನ. ಈ ಬಾಗಲಕ್ಕ ನಾ ಎರಡ ಸರ್ತಿ ರಕ್ತ ಹಚ್ಚೀನಿ. ಎರಡೂ ಸರ್ತಿ ಒಳಗಿನ ಕೂಸು ಉಳೀಲಿಲ್ಲ. ಒಬ್ಬಾಕಿ ಬಂದು, ಒಮ್ಮಿ ಕೊಟ್ಟದ್ದು ಸಾಕಾಗೈತಿ, ಇನ್ನ ತರಬ್ಯಾಡ ಅಂದ್ಲು. ಆಕಿ ಸುಳ್ಳ ಹೇಳಿದ್ಲೋ, ಇವರು ಹೇಳಾಕತ್ತಾರೋ?"

ಒಂದಕ್ಷರ ಬಿಡದೆ ಮರಾಠಿಯಲ್ಲಿ ಹೇಳಿದೆ. ಗುರೂಜಿಯ ಮುಖ ಕೆಂಪಾಯಿತು. ಆ ವಿಧವೆ ಸುಳ್ಳು ಹೇಳಲಿಲ್ಲ, ಆದರೆ ಅರ್ಧ ಹೇಳಿದಳು ಎಂದರು. ಅನ್ಯದೇವರಿಗೆ ಕೊಡುವುದು ಬೇರೆ, ಸತ್ಯದೇವರ ಆಜ್ಞೆಯಂತೆ ಕೊಡುವುದು ಬೇರೆ ಎಂದರು. ಅದನ್ನು ನಾನು ಕನ್ನಡದಲ್ಲಿ ಹೇಳಿದಾಗ ಕಟ್ಟೆಯ ಮೇಲಿದ್ದ ಮಾಮಾ ನೆಲ ನೋಡಿದ. ಅವ್ವ ಅಲುಗಲಿಲ್ಲ. ಆಗ ಅವರು ಸಹನೆ ಕಳೆದುಕೊಂಡರು. ಈ ಹೆಂಗಸಿನ ಮಕ್ಕಳು ಸತ್ತದ್ದು ಅವಳ ಅಂದಿನ ಪಾಪಕ್ಕೆ ಬಂದ ಶಿಕ್ಷೆ, ಈ ಬಾಗಿಲು ಈಗಲೂ ಗುರುತಿಲ್ಲದೆ ಉಳಿದರೆ ದೇವಜನರಲ್ಲಿ ಇವಳಿಗೆ ಪಾಲಿಲ್ಲ ಎಂದರು. ಹೇಳಿ, ನನ್ನ ಕಡೆ ನೋಡಿದರು. ನಾನು ಅದನ್ನು ಕನ್ನಡಕ್ಕೆ ತರಬೇಕಿತ್ತು. ನನ್ನ ಬಾಯಿಂದ, ನನ್ನ ಅವ್ವನಿಗೆ.

ಅಂಗಳದಲ್ಲಿ ಎಲ್ಲರೂ ನನ್ನನ್ನೇ ಕಾಯುತ್ತಿದ್ದರು.

ಇದನ್ನು ನಾನು ಹೇಳುವುದಿಲ್ಲ ಎಂದು ಅವರಿಗೆ ಮರಾಠಿಯಲ್ಲಿ ಹೇಳಿದೆ. ನಿನ್ನ ಕೆಲಸ ತಿರುಗಿಸುವುದು, ತೂಗುವುದಲ್ಲ ಎಂದರು. ಇವತ್ತಿನಿಂದ ತೂಗುತ್ತೇನೆ ಎಂದೆ. ಆಮೇಲೆ ಕೂತವರ ಕಡೆ ತಿರುಗಿದೆ.

"ಗುರೂಜಿ ಒಂದು ಮಾತು ಅಂದಾರ. ಅದನ್ನ ನಾ ನಿಮಗ ಮುಟ್ಟಸಾಂಗಿಲ್ಲ. ಮುಟ್ಟಸಲಿಲ್ಲ ಅಂತ ಮುಚ್ಚೂದೂ ಇಲ್ಲ. ಬೇಕಾದವರು ಅವರ್ನ ಕೇಳ್ರಿ."

ಅವರು ತಾವೇ ಹೇಳಲು ಹೋದರು. ಅವರಿಗೆ ಬರುತ್ತಿದ್ದ ಹತ್ತಿಪ್ಪತ್ತು ಕನ್ನಡ ಪದಗಳಲ್ಲಿ ಆ ಮಾತು ಮೂಡಲಿಲ್ಲ. ರಕ್ತ, ಬಾಗಿಲು, ಪಾಪ ಎಂದು ಮೂರು ಪದ ಬಿಡಿಬಿಡಿಯಾಗಿ ಬಿದ್ದವು, ಒಂದಕ್ಕೊಂದು ಕೂಡಲಿಲ್ಲ. ಅವರು ತಡವರಿಸುತ್ತಿದ್ದಾಗ ನಾನು ಒಳಗೆ ಹೋಗಿ ಚೀಲದಲ್ಲಿ ತಂದಿದ್ದ ಅಪ್ಪನ ಕನ್ನಡ ಬೈಬಲನ್ನು ಎತ್ತಿಕೊಂಡು ಬಂದೆ. ಇಬ್ರಿಯರಿಗೆ ಬರೆದ ಪತ್ರದಲ್ಲಿ, ದೇವರು ಹೊಸ ಒಡಂಬಡಿಕೆ ಎಂದು ಹೇಳಿದ್ದರಿಂದಲೇ ಮೊದಲಿನದು ಹಳತಾಯಿತು ಎನ್ನುವ ಭಾಗ, ಹೋತಗಳ ಹೋರಿಗಳ ರಕ್ತ ಪಾಪವನ್ನು ತೆಗೆಯಲಾರದು ಎನ್ನುವ ಭಾಗ ಓದಿದೆ. ಇನ್ನೊಂದು ಪತ್ರದಲ್ಲಿ, ಹಬ್ಬ, ಅಮಾವಾಸ್ಯೆ, ಸಬ್ಬತ್ತೆಂಬ ವಿಶ್ರಾಂತಿ ದಿನ ಇವುಗಳ ವಿಷಯದಲ್ಲಿ ಯಾರೂ ನಿಮ್ಮನ್ನು ತೀರ್ಪು ಮಾಡಬಾರದು, ಅವೆಲ್ಲ ಬರಬೇಕಾದದ್ದರ ನೆರಳು ಎಂಬರ್ಥದ ಮಾತಿದೆ, ಅದನ್ನೂ ಓದಿದೆ. ಹೆಂಗಸಿಗೆ ಸಭೆಯಲ್ಲಿ ಉಪದೇಶಿಸುವ ಅಧಿಕಾರವಿಲ್ಲ ಎಂದು ಗುರೂಜಿ ಕೂಗಿದರು. ನೀವು ಬಂದಾಗಿನಿಂದ ನಿಮ್ಮ ಉಪದೇಶವೆಲ್ಲ ಹೆಂಗಸಿನ ಬಾಯಿಂದಲೇ ಬಂದಿದೆ ಎಂದೆ.

ಅವ್ವ ಬೇವಿನ ಗಿಡಕ್ಕೆ ಹೋಗಿ ಹಗ್ಗ ಬಿಚ್ಚಿ ಅಣ್ಣನ ಕೈಗೆ ಕೊಟ್ಟಳು. ಮಧ್ಯಾಹ್ನ ಕೊಡದ ಉತ್ತರವನ್ನು ಆಗ ಕೊಟ್ಟಳು. "ನಿಮ್ಮನ್ನ ಬಿಡಲಿಲ್ಲಣ್ಣ. ಇದನ್ನ ಬಿಟ್ಟೆ. ಯಾರು ಕೇಳಿದ್ರೂ ಬಿಟ್ಟೆ." ಮಾಮಾ ಹಗ್ಗ ಹಿಡಿದು ಎದ್ದ. ಅವನಿಗೆ ಒಪ್ಪಿಗೆಯಾಯಿತೋ ಇಲ್ಲವೋ ಹೇಳಲಾರೆ. ಅವನು ತನ್ನ ದೇವರನ್ನು ಬಿಡಲಿಲ್ಲ, ಬಿಡಲೆಂದು ಅವ್ವನೂ ಹೇಳಲಿಲ್ಲ.

ಎಲ್ಲರೂ ನಮ್ಮ ಜೊತೆ ನಿಂತರು ಎಂದು ಬರೆದರೆ ಸುಳ್ಳಾಗುತ್ತದೆ. ಉಳಿದೆರಡು ಮನೆಗಳಲ್ಲಿ ಒಂದರವರು ಹೆದರಿದರು. ಗುರೂಜಿ ಅವರ ಮನೆಗೆ ಹೋಗಿ ಒಂದು ಹೋತ ಕೊಯ್ಯಿಸಿ ಬಾಗಿಲಿಗೆ ಹಚ್ಚಿಸಿದರು. ಆ ಮನೆಗೂ ಏನೂ ಆಗಲಿಲ್ಲ, ನಮ್ಮ ಮನೆಗೂ ಏನೂ ಆಗಲಿಲ್ಲ. ನಾವು ಅವತ್ತು ಜೋಳದ ರೊಟ್ಟಿ, ಶೇಂಗಾ ಹಿಂಡಿಯ ಪುಡಿ ಚಟ್ನಿ ತಿಂದೆವು. ಯುಗಾದಿಗೆ ಬಾಯಿ ಕಟ್ಟಿದ್ದ ಹೆಂಗಸು ಮಾತ್ರ ಒಂದು ಬೇವಿನ ಚಿಗುರು ಕಿತ್ತು ಬಾಯಿಗೆ ಹಾಕಿಕೊಂಡಳು. ಯಾವ ಹಬ್ಬಕ್ಕೆಂದು ನಾವು ಕೇಳಲಿಲ್ಲ.

ಸೊಲ್ಲಾಪುರಕ್ಕೆ ಮರಳಿದ ವಾರವೇ ಸಭೆಯ ಹಿರಿಯರು ನನ್ನನ್ನು ಕರೆಸಿದರು. ಐದು ಗಂಡಸರು ಬೆಂಚಿನ ಮೇಲೆ, ನಾನು ಎದುರಿಗೆ ನಿಂತು. ಮೋಶೆಯ ಹಬ್ಬ ಅವರಿಗೂ ಬೇಡವಾಗಿತ್ತು. ವಿಷಯದಲ್ಲಿ ನಿನ್ನದೇ ಸರಿ ಇರಬಹುದು, ಆದರೆ ದುಭಾಷಿಯಾಗಿ ನಿಂತವಳು ಬೋಧಕರ ಮಾತು ತಡೆದದ್ದು ತಪ್ಪು, ನಿನ್ನ ಅಪ್ಪ ಎಂದೂ ಹಾಗೆ ಮಾಡಲಿಲ್ಲ ಎಂದರು. ಅಪ್ಪನಿಗೆ ಅಂಥ ಮಾತನ್ನು ಯಾರೂ ತಿರುಗಿಸಲು ಹೇಳಿರಲಿಲ್ಲ ಎಂದೆ. ಆಮೇಲೆ ಅವರು ಕೇಳದಿದ್ದರೂ ಒಂದು ಸಂಗತಿ ಹೇಳಿದೆ. ಅದೇ ಧರ್ಮಶಾಸ್ತ್ರದಲ್ಲಿ, ಪಸ್ಕದ ಮರಿಯನ್ನು ನಿಮ್ಮ ನಿಮ್ಮ ಊರುಗಳಲ್ಲಿ ಕೊಯ್ಯಬಾರದು, ದೇವರು ಆರಿಸಿದ ಸ್ಥಳದಲ್ಲೇ ಕೊಯ್ಯಬೇಕು ಎಂದಿದೆ. ಬಾಗಿಲಿಗೆ ರಕ್ತ ಹಚ್ಚಲು ಹೇಳಿದ ಅದೇ ಅಧ್ಯಾಯದಲ್ಲಿ, ಸುನ್ನತಿಯಾಗದ ಗಂಡಸು ಈ ಊಟ ಉಣ್ಣಬಾರದು ಎಂದೂ ಇದೆ. ಗುರೂಜಿ ಹೆಂಗಸರ ಬಾಗಿಲ ತನಕ ಬಂದ ಕಟ್ಟಳೆಯನ್ನು ಓದಿದರು, ಗಂಡಸರ ಮೈಗೆ ಬರುವ ಕಟ್ಟಳೆಯನ್ನು ಯಾಕೆ ಓದಲಿಲ್ಲ? ಬೆಂಚಿನ ಮೇಲೆ ಐವರೂ ಮಿಸುಕಾಡಿದರು. ಒಬ್ಬರು ಕೆಮ್ಮಿದರು. ಕೊನೆಗೆ ಮರಾಠಿಯಲ್ಲಿ ಬರೆದಿಟ್ಟ ಕ್ಷಮಾಪಣೆಯ ಕಾಗದವನ್ನು ಮುಂದೆ ಚಾಚಿ ಸಹಿ ಮಾಡು ಎಂದರು. ಅದರ ಕೆಳಗೆ ಕನ್ನಡದಲ್ಲಿ "ಒಪ್ಪಿಗೆಯಿಲ್ಲ" ಎಂದು ಬರೆದು ನನ್ನ ಹೆಸರು ಹಾಕಿದೆ.

ದುಭಾಷಿಯ ಕೆಲಸ ಹೋಯಿತು. ಸಭೆಯವರು ನಡೆಸುತ್ತಿದ್ದ ಸಾಲಿಯಲ್ಲಿ ಟ್ರೇನಿಂಗ್ ಮುಗಿದ ಕೂಡಲೇ ಸಿಗಬೇಕಿದ್ದ ಮಾಸ್ತರಿಕೆಯೂ ಹೋಯಿತು. ಜಾಗ ತುಂಬಿದೆ ಎಂದರು, ಮುಂದಿನ ವರ್ಷದವರೆಗೂ ಅದು ಖಾಲಿ ಬಿದ್ದಿತ್ತು. ನಾನು ಕುಂಭಾರಿ ಕಡೆಯ ಸರಕಾರಿ ಸಾಲಿಗೆ ಅರ್ಜಿ ಹಾಕಿ ಸೇರಿಕೊಂಡೆ, ದಿನಾ ಬಸ್ಸಿನಲ್ಲಿ ಹೋಗಿ ಬಂದೆ. ನಮ್ಮ ಹೆಂಗಸರಿಗೆ ಸಭೆಯಲ್ಲಿ ಕೂತರೂ ಏನೂ ತಿಳಿಯದಂತಾಯಿತು. ಒಂದು ಭಾನುವಾರ ಮಧ್ಯಾಹ್ನ ಇಬ್ಬರು ನಮ್ಮ ಮನೆಗೆ ಬಂದು, ನೀನೇ ಓದಿ ಹೇಳು ಎಂದರು. ಮುಂದಿನ ವಾರ ಆರು ಜನ ಬಂದರು. ಮಳೆಗಾಲದ ಹೊತ್ತಿಗೆ ಕೋಣೆ ಸಾಲದೆ ಚಾಳಿನ ಮೊಗಸಾಲೆಯಲ್ಲಿ ಕೂತೆವು. ಹಿರಿಯರು ಇದನ್ನು ನಿಲ್ಲಿಸಲು ಇಬ್ಬರನ್ನು ಕಳಿಸಿದರು. ಅವ್ವ ಅವರಿಗೆ ಚಾಪೆ ಹಾಸಿ, ಕೂತು ಕೇಳ್ರಿ ಎಂದಳು. ಅವರು ಕೂರಲಿಲ್ಲ, ನಾವೂ ನಿಲ್ಲಿಸಲಿಲ್ಲ.

ಮರುವರ್ಷ ಪಸ್ಕದ ಹದಿನೈದು ದಿನ ಮುಂಚೆ ಗುರೂಜಿ ತಾವೇ ನಮ್ಮ ಮನೆಗೆ ಬಂದರು. ಕೊಡೆಯನ್ನು ಬಾಗಿಲಿಗೆ ಒರಗಿಸಿ ಕೂತರು. ಹೋದ ವರ್ಷ ನಿನ್ನ ತಾಯಿಯ ಬಗ್ಗೆ ಆಡಿದ ಮಾತು ನನ್ನದು, ದೇವರದಲ್ಲ ಎಂದರು. ಅದನ್ನು ಹೇಳಲು ಅವರಿಗೆ ಕಷ್ಟವಾಯಿತು, ನನಗೆ ಅದು ಕಂಡಿತು. ಆಮೇಲೆ, ಈ ಸಲ ರಕ್ತ ಹಚ್ಚುವುದಿಲ್ಲ, ರೊಟ್ಟಿ ಮತ್ತು ಕಥೆ ಅಷ್ಟೇ, ಬಂದು ತಿರುಗಿಸುತ್ತೀಯಾ ಎಂದು ಕೇಳಿದರು. ಕಥೆಯನ್ನು ಸಂತೋಷದಿಂದ ತಿರುಗಿಸುತ್ತೇನೆ, ಆದರೆ ಇದನ್ನು ಮಾಡದವರಿಗೆ ದೇವರಲ್ಲಿ ಪಾಲಿಲ್ಲ ಎಂಬ ಮಾತು ಬಂದರೆ ಅಲ್ಲೇ ನಿಲ್ಲಿಸುತ್ತೇನೆ ಎಂದೆ. ನೀನು ಎಲ್ಲಿ ನಿಲ್ಲಿಸುತ್ತೀ ಎಂಬ ಅಂಜಿಕೆಯಲ್ಲಿ ನಾನು ಹೇಗೆ ಬೋಧಿಸಲಿ ಎಂದರು. ಅಂಜಿಕೊಂಡೇ ಬೋಧಿಸಿರಿ ಎಂದೆ. ಅವರು ಕೊಡೆ ತೆಗೆದುಕೊಂಡು ಹೊರಟುಹೋದರು.

ನಲ್ಲಿಯಿಂದ ಕೊಡ ಹೊತ್ತು ಬಂದ ಅವ್ವನಿಗೆ ಎಲ್ಲ ಹೇಳಿದೆ. ಅವಳು ಕೊಡ ಇಳಿಸಿ ಸೆರಗಿನಿಂದ ಮುಖ ಒರೆಸಿಕೊಂಡಳು.

"ಚಾ ಕುಡಸದ ಕಳಸಿದೇನು?" ಎಂದಳು.

ಅವರೇ ಎದ್ದು ಹೋದರು ಎಂದೆ. ಮನೆಗೆ ಬಂದ ಮನುಷ್ಯನನ್ನು ಹಾಗೆ ಕಳಿಸಬಾರದೆಂದು ಅವಳು ಸಂಜೆಯವರೆಗೂ ನನ್ನ ಮೇಲೆ ಸಿಟ್ಟಾಗಿದ್ದಳು. ಚಹಾದ ವಿಷಯದಲ್ಲಿ ಅವಳದೇ ಸರಿ ಇರಬಹುದು. ಉಳಿದದ್ದರಲ್ಲಿ ಒಂದು ಅಕ್ಷರವನ್ನೂ ನಾನು ಹಿಂದಕ್ಕೆ ತೆಗೆದುಕೊಂಡಿಲ್ಲ.